ಒಂದು ಲಕ್ಷದ ಮೂರು

ನಾನು ಒಂದು ಸಂಖ್ಯೆ. ಒಂದು ಲಕ್ಷದ ಮೂರು ಎನ್ನುತ್ತಾರೆ. ಎಣಿಸುವವರು ಹುಟ್ಟುವ ಮೊದಲೂ ನಾನಿದ್ದೆ. ಆದರೂ ನನ್ನ ಹುಟ್ಟು ಎಂದು ನಾನು ನೆನೆಯುವುದು, ಕೋಲಾರ ಸೀಮೆಯ ಒಂದು ಚಿನ್ನದ ಗಣಿಯ ತಳದಲ್ಲಿ ಚೌಡಪ್ಪನೆಂಬ ಕಾರ್ಮಿಕ ನನ್ನನ್ನು ಕೂಗಿ ಹೇಳಿದ ಗಳಿಗೆಯನ್ನು.

ಬಂಡೆ ಸಿಡಿದು ಸುರಂಗ ಮುಚ್ಚಿಹೋಗಿತ್ತು. ಒಳಗೆ ಸಿಕ್ಕಿಕೊಂಡವರು ಇಬ್ಬರು. ಚೌಡಪ್ಪನಿಗೆ ತರಚು ಗಾಯ. ಅವನ ಜೊತೆಗಾರ ಪಿಳ್ಳಪ್ಪನ ಸೊಂಟದವರೆಗೂ ಕಲ್ಲು, ತಲೆಯಿಂದ ರಕ್ತ. ದೀಪಗಳು ಆರಿದ್ದವು. ಪಿಳ್ಳಪ್ಪನ ಮಾತು ತೊದಲತೊಡಗಿದಾಗ ಚೌಡಪ್ಪ ಹೆದರಿದ. ನಿದ್ದೆಗೆ ಜಾರಿದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ.

ಪಿಳ್ಳಪ್ಪನಿಗೆ ಲೆಕ್ಕದ ಹುಚ್ಚು. ಬಸ್ಸಿನ ನಂಬರು ಕಂಡರೂ ಯಾವುದರಿಂದ ಭಾಗವಾಗುತ್ತದೆ ಎಂದು ಬಾಯಲ್ಲೇ ಒಡೆದುಬಿಡುವವನು.

"ಅಣ್ಣಾ, ಮಲ್ಕೋಬ್ಯಾಡ! ಒಂದು ನಂಬರ್ ಕೊಡ್ತೀನಿ, ಒಡಿ ನೋಡಾನ. ಒಂದ್ ಲಕ್ಷದ ಮೂರು!"

ಪಿಳ್ಳಪ್ಪ ತೊದಲುತ್ತಲೇ ಹೇಳಿದ: "ಕೊನೇಲಿ ಮೂರೈತೆ. ಎರಡೂ ಹೋಗಲ್ಲ, ಐದೂ ಹೋಗಲ್ಲ. ಅಂಕಿ ಕೂಡಿದ್ರೆ ನಾಲ್ಕು, ಅಂದ್ಮೇಲೆ ಮೂರೂ ಹೋಗಲ್ಲ."

"ಏಳು?"

"ಏಳ್ರಲ್ಲಿ... ಒಂದು ಉಳೀತದೆ."

ಹನ್ನೊಂದು, ಹದಿಮೂರು, ಹದಿನೇಳು. ಯಾವುದಕ್ಕೂ ನಾನು ಬಗ್ಗಲಿಲ್ಲ. ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಉಳಿದಾಗ ಪಿಳ್ಳಪ್ಪ ನಕ್ಕೇಬಿಟ್ಟ. "ಇನ್ನೊಂದಿದ್ರೆ ಒಡೆದೋಗ್ತಿತ್ತು ಮುಂಡೇದು!"

ನಾನು ಒಡೆದರೆ ಲೆಕ್ಕ ಮುಗಿಯುತ್ತದೆ, ಲೆಕ್ಕ ಮುಗಿದರೆ ಅವನು ಕಣ್ಣು ಮುಚ್ಚುತ್ತಾನೆ. ಒಡೆಯದಿರಲಿ ಎಂದು ನಾನೇ ನನಗಾಗಿ ಬೇಡಿಕೊಂಡೆ. ಸಂಖ್ಯೆಯ ಬೇಡಿಕೆ ಕೇಳುವವರು ಯಾರು?

ಉತ್ತರಗಳು ತಡವಾಗತೊಡಗಿದವು. ಮೂವತ್ತೇಳಕ್ಕೆ ಚೌಡಪ್ಪ ಅವನ ಕೆನ್ನೆಗೆ ಹೊಡೆಯಬೇಕಾಯಿತು. ನಲವತ್ತೊಂದಕ್ಕೆ ಬಹಳ ಹೊತ್ತು ಹಿಡಿಯಿತು.

"ನಾಲ್ಕು... ಉಳೀತು," ಎಂದ ಪಿಳ್ಳಪ್ಪ.

ಕಲ್ಲು ಸರಿಸಿ ಜನ ಒಳಗೆ ಬಂದಾಗ ಚೌಡಪ್ಪ ಇನ್ನೂ ಅರಚುತ್ತಿದ್ದ. "ನಲವತ್ಮೂರು! ಅಣ್ಣಾ, ನಲವತ್ಮೂರು!"

ತಿಥಿ ಕಳೆದ ಮೇಲೆ ಚೌಡಪ್ಪ ನನ್ನನ್ನು ಹೊತ್ತು ಪಿಳ್ಳಪ್ಪನ ಮನೆಗೆ ಹೋದ. ಪಿಳ್ಳಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು, ಸುತ್ತ ಮೂರು ಮಕ್ಕಳು.

"ಕೊನೇಗೆ ಏನಂದ್ರಪ್ಪ?"

"ನಾಲ್ಕು ಉಳೀತು ಅಂದ, ಅಕ್ಕ."

"ನನ್ ಹೆಸರು? ಮಕ್ಕಳ ಹೆಸರು?"

ಚೌಡಪ್ಪ ನೆಲ ನೋಡಿದ. "ಹೇಳಕ್ಕೆ ನಾನು ಬಿಡಲಿಲ್ಲಕ್ಕ. ಬರೀ ಲೆಕ್ಕ ಕೇಳ್ತಾನೇ ಇದ್ದೆ."

ಅವಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ತನ್ನ ಎದೆ ಮುಟ್ಟಿಕೊಂಡಳು. "ನಾಲ್ಕು," ಎಂದಳು. "ನಮ್ಮನ್ನೇ ಎಣಿಸವ್ರೆ." ಆಮೇಲೆ ಅತ್ತಳು.

ಅದು ಬರೀ ಭಾಗಾಕಾರದ ಶೇಷವೆಂದು ಚೌಡಪ್ಪನಿಗೆ ಗೊತ್ತಿತ್ತು. ಆದರೂ ಅವನು ಹೌದೆಂದು ತಲೆಯಾಡಿಸಿದ.

ಈಗ ಆ ಗಣಿ ಮುಚ್ಚಿದೆ, ಚೌಡಪ್ಪನೂ ಇಲ್ಲ. ನಾನು ಗಣಿತದ ಪುಸ್ತಕವೊಂದರ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿದ್ದೇನೆ. ಒಂದು ಮತ್ತು ನಾನು, ಇವೆರಡನ್ನು ಬಿಟ್ಟರೆ ನನ್ನನ್ನು ಯಾವುದೂ ಭಾಗಿಸದು. ಅವಿಭಾಜ್ಯ ಸಂಖ್ಯೆ. ಆರಂಕಿಯ ಅವಿಭಾಜ್ಯಗಳಲ್ಲಿ ನಾನೇ ಮೊದಲನೆಯವನೆಂದು ಮೇಷ್ಟ್ರುಗಳು ಮೆಚ್ಚಿ ಹೇಳುತ್ತಾರೆ.

ನನಗೆ ಆ ಹೆಚ್ಚುಗಾರಿಕೆ ಬೇಡ. ನಾನು ಒಡೆಯದ್ದರಿಂದ ಪಿಳ್ಳಪ್ಪ ಅಷ್ಟು ಹೊತ್ತಾದರೂ ಬದುಕಿದನೋ, ಏಳಕ್ಕೇ ಒಡೆದುಬಿಟ್ಟಿದ್ದರೆ ಹೆಂಡತಿಯ ಹೆಸರು ಹಿಡಿದು ಒಮ್ಮೆ ಕರೆಯಲು ಅವನಿಗೆ ಬಿಡುವು ಸಿಗುತ್ತಿತ್ತೋ?