ದಿಂಬಿನ ನೇರಕ್ಕೆ

"ಚಾವಣಿಗೆ ಎಷ್ಟಾಗುತ್ತೆ?" ಬಂದಾತ ಮತ್ತೊಮ್ಮೆ ಕೇಳಿದ.

ಮಕ್ಕಳ ಕೋಣೆಗಳ ಗೋಡೆಗೆ ಚಿತ್ರ ಬರೆದುಕೊಡುವ ಅವಳಿಗೆ ಎಂದಿನಂತೆ ಬಾಯಿ ಕಟ್ಟಿತು. 'ನೋಡಿ ಹೇಳ್ತೀನಿ' ಎನ್ನುತ್ತಲೇ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದಳು. ಒಳಗಿನಿಂದ ತಂಗಿ ಬಂದು ಮೇಜಿನ ಮೇಲೆ ಮೂರು ರಟ್ಟು ಹರಡಿದಳು. ಒಂದರಲ್ಲಿ ಗೋಡೆಯ ಮೂಲೆಗಷ್ಟೇ ಚಿತ್ರ, ಒಂದರಲ್ಲಿ ಅರ್ಧ ಗೋಡೆಗೆ, ಇನ್ನೊಂದರಲ್ಲಿ ಪೂರ್ತಿ. ಕೆಳಗೆ ದಪ್ಪಕ್ಷರದಲ್ಲಿ ಬೆಲೆ.

"ಅಕ್ಕನಿಗೆ ಬಣ್ಣ ಗೊತ್ತು, ವ್ಯಾಪಾರ ಗೊತ್ತಿಲ್ಲ. ಚಾವಣಿಗೂ ಇದೇ ಲೆಕ್ಕ, ಆರಿಸ್ಕೊಳ್ಳಿ."

ಅವನು ತಟ್ಟನೆ ದೊಡ್ಡದರ ಮೇಲೆ ಬೆರಳಿಟ್ಟ. "ಅಮ್ಮನಿಗೆ. ಹಾಸಿಗೆ ಹಿಡಿದಿದ್ದಾಳೆ. ಮೇಲೆ ನೋಡ್ತಾ ಮಲಗಿರೋದೇ ಆಗಿದೆ."

"ಹಾಗಾದ್ರೆ ಅವರನ್ನೇ ಕೇಳೋಣ" ಎಂದಳು ಅಕ್ಕ. ಒಪ್ಪಿದ ಗಿರಾಕಿಯನ್ನು ಕೈಯಾರೆ ಕೆಡಿಸುತ್ತಾಳಲ್ಲ ಎಂದು ತಂಗಿ ಕಣ್ಣು ಬಿಟ್ಟಳು.

ಆ ತಾಯಿಯ ಕೋಣೆಯಲ್ಲಿ ಹಾಲು ಚೆಲ್ಲಿದಂಥ ಬೆಳಕು. "ಮೋಡ, ಹಕ್ಕಿ, ಕಾಡು, ಎಲ್ಲಾ ಬರೆಸ್ತೀನಮ್ಮ" ಎಂದ ಮಗ.

"ಊಟ ಯಾವಾಗ, ಕಿಟಕಿ ತೆಗೆಯೋದು ಯಾವಾಗ, ಎಲ್ಲಾ ನೀವೇ ಹೇಳ್ತೀರಿ. ಇದೊಂದು ನನಗೆ ಬಿಡಪ್ಪ."

ಆಕೆ ರಟ್ಟುಗಳನ್ನು ಒಂದೊಂದಾಗಿ ಕಣ್ಣ ಹತ್ತಿರ ತಂದು, ಬಟ್ಟೆಯಂಗಡಿಯಲ್ಲಿ ಕೂತವಳ ಹಾಗೆ ಸಾವಕಾಶವಾಗಿ ನೋಡಿದಳು. ತೆಗೆದಿಟ್ಟದ್ದನ್ನು ಮತ್ತೆ ಎತ್ತಿದಳು. ಮುಖಕ್ಕೆ ಒಂದು ಕಳೆ ಬಂತು. ಕೊನೆಗೆ ಚಿಕ್ಕದನ್ನು ಹಿಡಿದು ತೋರಿಸಿದಳು.

"ದುಡ್ಡಿನ ಯೋಚನೆ ಬೇಡಮ್ಮ."

"ದುಡ್ಡಲ್ಲ ಕಣೋ. ದಿಂಬಿನ ನೇರಕ್ಕೆ ಒಂದು ಕೊಂಬೆ ಸಾಕು. ಉಳಿದದ್ದು ಬೆಳ್ಳಗಿರಲಿ. ಎಲ್ಲಾ ಇವಳೇ ಬರೆದುಬಿಟ್ರೆ ನಾನೇನು ನೋಡ್ಲಿ?"

ಮಗ ಚಿತ್ರ ಬರೆಯುವವಳತ್ತ ತಿರುಗಿದ. ಚಿಕ್ಕದರ ಬೆಲೆಯನ್ನು ಅವಳು ರಟ್ಟು ನೋಡದೆ, ತಡವರಿಸದೆ ಹೇಳಿದಳು.

ಮರುದಿನ ಏಣಿ ಹತ್ತಿ ಕೊಂಬೆ ಬರೆಯತೊಡಗಿದಳು. ಕೆಳಗಿನಿಂದ ತಾಯಿ ಹೇಳುತ್ತಲೇ ಇದ್ದಳು: ಇನ್ನೊಂಚೂರು ಬಗ್ಗಲಿ, ಆ ಎಲೆ ಬೇಡ. ಸಂಜೆಯಾದರೂ ಸಮಾಧಾನವಿಲ್ಲ. "ಅಲ್ಲಿ ನಿಂತ್ರೆ ನಿಂಗೆ ಗೊತ್ತಾಗಲ್ಲ. ಬಾಮ್ಮ, ಇಲ್ಲಿ ಮಲಕ್ಕೋ."

ಅವಳು ಇಳಿದು ಬಂದು ಹಾಸಿಗೆಯ ಅಂಚಿನಲ್ಲಿ ಮೈಚಾಚಿದಳು. ಕೊಂಬೆಯ ತುದಿಯಾಚೆ, ಬಿಳಿಯ ಮೇಲೆ, ಕಿಟಕಿ ಪರದೆಯ ನೆರಳು ಮೆಲ್ಲಗೆ ಅಲುಗುತ್ತಿತ್ತು.

"ಹಕ್ಕಿ ಹಾರಿಹೋಯ್ತು ನೋಡು" ಎಂದು ತಾಯಿ ಬೆರಳೆತ್ತಿದಳು.

"ಎಲ್ಲಿ?" ಎನ್ನುತ್ತ ಅವಳು ಅದೇ ದಿಂಬಿಗೆ ತಲೆ ಸರಿಸಿದಳು.