ಬಲತುಟಿಯ ಮೇಲೆ ರೇಡ್

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಾನು ಬದುಕುತ್ತಿರುವುದೇ ಹಾಗೆ. ಮುದ್ದೇಬಿಹಾಳದ ಸುತ್ತ ಎಲ್ಲಿ ಕಬಡ್ಡಿ ನಡೆದರೂ ಕಾಮೆಂಟರಿಗೆ ಈ ಅಯೂಬನೇ ಬೇಕು. ಅಂಥ ನನಗೆ ನಿಡಗುಂದಿಯ ಫೈನಲ್ ಇದ್ದ ವಾರವೇ ಬಲಗಡೆಯ ದವಡೆ ಹಲ್ಲು ಕೈಕೊಟ್ಟಿತು. ಬಾಯಿ ತೆರೆದರೆ ನೋವು ಕಿವಿಯವರೆಗೆ ಏರುತ್ತಿತ್ತು.

ಹಲ್ಲಿನ ಡಾಕ್ಟರ್ ಮಂಜರಿ ಮೇಡಂ ಅವರ ಕುರ್ಚಿಯಿಂದ ಎರಡು ಸಲ ಎದ್ದು ಓಡಿದ್ದೆ. ಹೆದರಿಕೆ ಸೂಜಿಯದಲ್ಲ, ಅದರ ಹಿಂದೆ ಬರುವ ಜೋಮಿನದು. ಎರಡು ವರ್ಷದ ಹಿಂದೆ ನನ್ನ ಅಬ್ಬಾ ದಸ್ತಗೀರಸಾಬರು ಬೆಳಿಗ್ಗೆ ಚಹಾ ಕುಡಿಯುತ್ತ, "ತುಟಿ ಯಾಕೋ ಜೋಮು ಹಿಡದೈತಿ" ಅಂದಿದ್ದರು. ಚಹಾ ಅಂಗಿಯ ಮೇಲೆ ಸೋರಿತು. ಮಧ್ಯಾಹ್ನದೊಳಗೆ ಲಕ್ವ ಹೊಡೆದು ಮುಖದ ಬಲಭಾಗ ಜೋತುಬಿತ್ತು. ಇಪ್ಪತ್ತು ವರ್ಷ ಮೈದಾನ ಆಳಿದ ಅವರ ಮೈಕು ನನ್ನ ಕೈಗೆ ಬಂತು. ಅಬ್ಬಾ ಅಂದಿನಿಂದ ಗೋಡೆಗೆ ಮುಖ ಮಾಡಿಯೇ ಉಣ್ಣುತ್ತಿದ್ದರು. ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಫೈನಲ್ ಸಂಜೆ ಆರಕ್ಕೆ. ಬೆಳಿಗ್ಗೆ ಹತ್ತೂವರೆಗೆ ಮೂರನೇ ಸಲ ಅದೇ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಮೇಡಂಗೆ ಹೇಳಿಬಿಟ್ಟೆ.

"ಲಕ್ವ ಬ್ಯಾರೆ, ಇದು ಬ್ಯಾರೆ," ಅಂದರು ಅವರು. "ಅರ್ಧ ತುಟಿ, ಅರ್ಧ ನಾಲಿಗಿ, ಅಷ್ಟ. ಮೂರು ನಾಲ್ಕು ತಾಸಿನ್ಯಾಗ ತಾನ ಬಿಡತೈತಿ. ಸುಮ್ಮ ಕುಂತ್ರ ಹೆದರಿಕಿ ದೊಡ್ಡದಾಗತೈತ್ರಿ. ಏನ ಆಗಾಕತ್ತೈತಿ ಅದನ್ನ ಹೇಳ್ಕೋಂತ ಕುಂಡ್ರಿ."

ಸೂಜಿ ಚುಚ್ಚಿ, ಕೈಗೆ ಒಂದು ಕನ್ನಡಿ ಕೊಟ್ಟರು. ಹೇಳುವುದು ನನಗೆ ಹೊಸತೇ? ಶುರುಮಾಡಿದೆ.

"ಬಂದಾ, ಬಂದಾ! ಜೋಮು ಅನ್ನೋ ರೇಡರ್ ನಮ್ಮ ಅಂಗಳಕ್ಕ ಬಂದಾ! ಬಲತುಟಿ ಮುಟ್ಟಿದಾ, ತುಟಿ ಔಟ್! ಗದ್ದ ಮುಟ್ಟಿದಾ, ಗದ್ದಾನೂ ಔಟ್! ನಾಲಿಗಿಗೆ ಕೈ ಹಾಕ್ಯಾನ..."

ಅಲ್ಲಿಗೆ ಮಾತು ತೊದಲಿತು. ಕನ್ನಡಿಯಲ್ಲಿ ಅಬ್ಬಾನ ಬಾಯಿ ಕಂಡಂತಾಯಿತು. ಕುರ್ಚಿಯ ಹಿಡಿ ಬಿಗಿಹಿಡಿದೆ.

"ನಿಲ್ಲಿಸಬ್ಯಾಡ್ರಿ! ನಡುಗೆರಿ ದಾಟಿದನೇನ?" ಮೇಡಂ ಕೇಳಿದರು.

ಬೆರಳಿನಿಂದ ತಡವಿ ನೋಡಿದೆ. ಗದ್ದದ ನಟ್ಟನಡುವೆ ಜೋಮು ನಿಂತಿತ್ತು. ಎಡಗಡೆ ಪೂರ್ತಿ ನನ್ನದೇ ಇತ್ತು!

"ದಾಟಿಲ್ರಿ!" ಎಂದು ಕೂಗಿದೆ. ಹೊರಗೆ ಕುಳಿತ ರೋಗಿಗಳೆಲ್ಲ ಇಣುಕಿ ನೋಡಿದರು. ಹಲ್ಲಿನ ಬೇರು ಸ್ವಚ್ಛ ಮಾಡುವ ಕೆಲಸ ಯಾವಾಗ ಮುಗಿಯಿತೋ ತಿಳಿಯಲಿಲ್ಲ. "ಜೋಮು ಬಿಡೂತನಕ ಬಿಸಿದು ಕುಡಿಬ್ಯಾಡ್ರಿ" ಎಂದು ಮೇಡಂ ಹೇಳಿ ಕಳಿಸಿದರು.

ಮನೆಯಲ್ಲಿ ಅಬ್ಬಾ ಗೋಡೆಗೆ ಮುಖ ಮಾಡಿ ಮಜ್ಜಿಗೆ ಕುಡಿಯುತ್ತಿದ್ದರು. ಗಂಟಲು ಒಣಗಿತ್ತು, ನಾನೂ ಒಂದು ಲೋಟ ಎತ್ತಿದೆ. ಮಜ್ಜಿಗೆ ಬಲತುಟಿಯಿಂದ ಸೋರಿ ಅಂಗಿಯೆಲ್ಲ ತೊಯ್ದಿತು. ಅಬ್ಬಾ ತಿರುಗಿ ನೋಡಿದರು. ಸೂಜಿ, ಮೂರು ತಾಸಿನ ಜೋಮು, ನನ್ನ ಹೆದರಿಕೆ ಎಲ್ಲ ಹೇಳಿದೆ. ಹೆಗಲ ಮೇಲಿನ ಟವೆಲ್ ತೆಗೆದು ನನ್ನತ್ತ ಚಾಚಿದರು.

"ತಲಿ... ಎಡಕ್ಕ ವಾಲಿಸು," ಅಂದರು ನಿಧಾನವಾಗಿ. "ಸಣ್ಣ ಗುಟುಕು."

ವಾಲಿಸಿದೆ. ಮತ್ತೆ ಸೋರಿತು.

"ಎರಡ ವರ್ಷದಿಂದ ನನ್ನ ಬಾಯಿ ಹಿಂಗ ಐತಿ. ನೀ ಮೂರ ತಾಸಿಗೆ ಹೆದರತಿಯೇನಲೇ?"

ನನಗೆ ನಾಚಿಕೆಯಾಯಿತು. ಆ ಗೋಡೆಯನ್ನು ಅವರು ದಿನಾ ಯಾಕೆ ನೋಡುತ್ತಾರೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಮೂರನೇ ಗುಟುಕು ಮೂಗಿಗೇರಿ ಕೆಮ್ಮಿದಾಗ ಅಬ್ಬಾ ನಕ್ಕೇಬಿಟ್ಟರು. ಅರ್ಧ ಮುಖದ ನಗು, ಆದರೆ ಮನೆಯೆಲ್ಲ ಕೇಳಿಸಿತು. ಕುರ್ಚಿ ಎಳೆದು ನನಗೆ ಎದುರಾಗಿ ಕುಳಿತು ಉಳಿದ ಮಜ್ಜಿಗೆ ಕುಡಿದರು.

ಎರಡೂವರೆಗೆ ತುಟಿ ಚುಮುಚುಮು ಅಂದಿತು, ಮೂರಕ್ಕೆ ಪೂರ್ತಿ ಮರಳಿತು. "ಪಪ್ಪಾಯಿ, ಬಾಬಾ, ಮಾಮಾ" ಎಂದು ಮನೆ ತುಂಬ ಕೂಗುತ್ತ ಕುಣಿದೆ! ನಾಲ್ಕೂವರೆಗೆ ಬೈಕ್ ತೆಗೆಯಲು ಹೊರಗೆ ಬಂದರೆ ಅಬ್ಬಾ ಬಿಳಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೇನಿ. ಗಾಡಿ ಚಾಲೂ ಮಾಡು."

ನಿಡಗುಂದಿಯ ಮೈದಾನ ಕಿಕ್ಕಿರಿದಿತ್ತು. ಮೊದಲರ್ಧಕ್ಕೆ ಎರಡೂ ತಂಡಗಳದು ಹದಿನೇಳು ಹದಿನೇಳು. ನನ್ನ ನಾಲಿಗೆ ಒಂದೇ ಒಂದು ಸಲವೂ ತೊದಲಲಿಲ್ಲ. ದ್ವಿತೀಯಾರ್ಧಕ್ಕೆ ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಅಬ್ಬಾ ಕುಳಿತಿದ್ದ ಮುಂದಿನ ಸಾಲಿಗೆ ಚಹಾ ಬಂತು. ಅಬ್ಬಾ ಕಪ್ಪು ಹಿಡಿದು ಸುತ್ತ ಒಮ್ಮೆ ನೋಡಿದರು.

ಅವರು ತಲೆ ಎಡಕ್ಕೆ ವಾಲಿಸಿ, ಎಲ್ಲರೆದುರೇ, ಒಂದು ಗುಟುಕು ಕುಡಿದರು. ಒಂದು ಹನಿ ಅಂಗಿಯ ಮೇಲೆ ಬಿತ್ತು. ಬೀಳಲಿ ಬಿಡು ಎಂಬಂತೆ ಕಪ್ಪನ್ನು ನನ್ನ ಕಡೆ ಎತ್ತಿ ತೋರಿಸಿದರು.

"ಬೋನಸ್ ಪಾಯಿಂಟ್!" ನಾನು ಮೈಕಿನಲ್ಲಿ ಕಿರುಚಿದೆ. "ದಸ್ತಗೀರಸಾಬರಿಗೆ ಬೋನಸ್ ಪಾಯಿಂಟ್!"

ಆಟ ಶುರುವೇ ಆಗಿರಲಿಲ್ಲ. ರೆಫರಿ ನನ್ನನ್ನು ದುರುಗುಟ್ಟಿ ನೋಡಿದ. ಅಬ್ಬಾ ಇನ್ನೊಂದು ಗುಟುಕು ಕುಡಿದರು.