ಮನೆಗೇ ಉಳಿದ ಜಾಗ

ರಜೆಯ ದಿನ ಬೆಳಗ್ಗೆ ಗಂಡನಿಗೆ ಅಂಗಿ ತೊಡಿಸುವುದೇ ಆ ಮನೆಯಲ್ಲೊಂದು ದೊಡ್ಡ ಕೆಲಸವಾಗಿತ್ತು. ಬಲಗೈಯ ನಾಲ್ಕು ಬೆರಳು ಹೋಗಿ ಇಪ್ಪತ್ತು ದಿನ. ಎಡಗೈಯಲ್ಲಿ ಗುಂಡಿ ಹಾಕಲು ಹೆಣಗಿ ಹೆಣಗಿ, ಕೊನೆಗೆ ಮಗುವಿನಂತೆ ಎದೆಯೊಡ್ಡಿ ನಿಂತ. "ಮದುವೆ ದಿನಾನೂ ನೀವು ಇಷ್ಟು ಸುಮ್ನೆ ನಿಂತಿರ್ಲಿಲ್ಲ," ಎಂದು ಹೆಂಡತಿ ನಗಿಸಲು ನೋಡಿದಳು. ಅವನು ನಗಲಿಲ್ಲ.

ಅಚ್ಚುಕೂಟದಲ್ಲಿ ಅವನದು ಕಾಗದ ಕತ್ತರಿಸುವ ಕೆಲಸ. ಓದುಗರೇ, ನಿಮ್ಮ ಕೈಯಲ್ಲಿರುವ ಪುಸ್ತಕದ ಅಂಚು ಇಷ್ಟು ನೇರವಾಗಿರುವುದು ಇಂಥವರಿಂದಲೇ. ಆ ಮಷಿನ್ನಿಗೆ ಎರಡು ಸ್ವಿಚ್ಚು. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಆಗ ಕೈ ಅಲಗಿನ ಕೆಳಗೆ ಸಿಗುವ ಮಾತೇ ಇಲ್ಲ. ಆದರೆ ಯಜಮಾನರಿಗೆ ಅವಸರ. ಒಂದು ಸ್ವಿಚ್ಚಿಗೆ ಮಡಚಿದ ರಟ್ಟು ತುರುಕಿಸಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿಸಿದ್ದರು. ಒಂದು ಕೈ ಸ್ವಿಚ್ಚು ಒತ್ತುವಾಗ ಇನ್ನೊಂದು ಕಾಗದ ಸರಿಪಡಿಸಬೇಕು. ಆ ಇನ್ನೊಂದು ಕೈಯೇ ಹೋಯಿತು.

ಇಂಥದ್ದಕ್ಕೆ ಅಲ್ಲೊಂದು ಪದ್ಧತಿಯೂ ಇತ್ತು. ಯಾರಿಗೆ ಏನೇ ಆದರೂ, ದೂರು, ಪರಿಹಾರ ಎನ್ನುವಂತಿಲ್ಲ. ಅವರ ಜಾಗಕ್ಕೆ ಅದೇ ಮನೆಯ ಇನ್ನೊಬ್ಬರನ್ನು ಕೂರಿಸುತ್ತಾರೆ. ಇದನ್ನು ಇಡೀ ಬೀದಿ ಯಜಮಾನರ ದೊಡ್ಡತನ ಎಂದು ಕೊಂಡಾಡುತ್ತಿತ್ತು! ಇಪ್ಪತ್ತೆರಡು ವರ್ಷದ ಹಿಂದೆ ಅದೇ ಮಷಿನ್ನಿಗೆ ಮಾವ ಹೆಬ್ಬೆರಳು ಕೊಟ್ಟಾಗ ಜಾಗ ಮಗನಿಗೆ ಬಂದಿತ್ತು. ಈಗ ಸೊಸೆಯ ಸರದಿ.

"ನಾಳೆಯಿಂದ ಹೋಗಮ್ಮ," ಎಂದಳು ಅತ್ತೆ. "ಯಜಮಾನ್ರು ನಮ್ಮ ಕೈ ಬಿಡ್ಲಿಲ್ಲ."

"ಬಿಡ್ಲಿಲ್ಲ ಅತ್ತೆ, ತಗೊಂಡ್ರು. ರಟ್ಟು ತುರುಕಿಸಿದ್ದು ಇವರಲ್ವಲ್ಲ? ಪರಿಹಾರ ಕೇಳೋದು ಭಿಕ್ಷೆ ಅಲ್ಲ."

"ಈ ಬೀದೀಲಿ ಯಾರು ಕೇಳಿದ್ದಾರೆ? ಕೇಳಿದೋರಿಗೆ ಆಮೇಲೆ ಯಾರೂ ಕೆಲಸ ಕೊಡಲ್ಲ. ನಿನ್ನ ನ್ಯಾಯ ಒಲೆ ಹಚ್ಚುತ್ತೇನೆ?"

ಸೊಸೆ ಅಡುಗೆಮನೆಯ ಕಡೆ ನೋಡಿದಳು. ಡಬ್ಬಿಗಳ ತಳ ಕಾಣುತ್ತಿತ್ತು. ಗಾಯದ ಔಷಧ ಮುಗಿದು ನಾಲ್ಕು ದಿನವಾಗಿತ್ತು. ಬೇರೆ ದಾರಿ ಎಲ್ಲಿದೆ? ಹೋಗಲೇಬೇಕೇನೋ ಎಂದು ಅವಳೂ ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಅಚ್ಚುಕೂಟದ ಮೇಸ್ತ್ರಿ ಒಂದು ಕಾಗದ, ಇಂಕಿನ ಪ್ಯಾಡು ಹಿಡಿದು ಬಂದ. "ಒಂದು ಹೆಬ್ಬೆಟ್ಟು ಅಷ್ಟೇ. ಎಡಗೈದಾದ್ರೂ ನಡೆಯುತ್ತೆ," ಎಂದು ಹಲ್ಲು ಬಿಟ್ಟ.

ಸೊಸೆ ಕಾಗದ ತೆಗೆದುಕೊಂಡು ಓದಿದಳು. ಅದು ಅಚ್ಚಾದ ಹಾಳೆ. "ನನ್ನದೇ ಅಜಾಗರೂಕತೆಯಿಂದ" ಎಂದಾದ ಮೇಲೆ ಒಂದು ಗೆರೆ ಖಾಲಿ ಬಿಟ್ಟು, "ಕಳೆದುಕೊಂಡಿರುತ್ತೇನೆ, ಮಾಲೀಕರಿಂದ ಯಾವ ಪರಿಹಾರವನ್ನೂ ಕೇಳುವುದಿಲ್ಲ" ಎಂದಿತ್ತು. ಖಾಲಿ ಗೆರೆಯ ಮೇಲೆ ಪೆನ್ನಿನಲ್ಲಿ "ಬಲಗೈ ಬೆರಳುಗಳು" ಎಂದು ತುಂಬಿದ್ದರು. ಮೇಲಂಚಿನಲ್ಲಿ ಒಣಗಿದ ಅಂಟು.

ಆ ಅಂಟನ್ನು ಅವಳು ಗುರುತಿಸಿದಳು. ಅಚ್ಚುಕೂಟದ ಹಾಳೆಗಳಿಗೆ ಅಂಟು ಬಳಿದು, ನೂರು ನೂರರ ಕಟ್ಟು ಮಾಡುವುದು ಮನೆಯಲ್ಲಿ ಅವಳದೇ ಕೆಲಸ. ಹೋದ ತಿಂಗಳು ಈ ಕಟ್ಟಿಗೂ ಅಂಟು ಬಳಿದಿದ್ದಳು. ಏನು ಬರೆದಿದೆ ಎಂದು ಓದಿರಲಿಲ್ಲ.

"ಮೇಸ್ತ್ರಿಗಳೇ, ಉಳಿದ ತೊಂಬತ್ತೊಂಬತ್ತು ಯಾರ ಕೈಗೆ?"

"ಹಂಗೆಲ್ಲ ಕೇಳ್ಬಾರ್ದು ತಂಗಿ. ಒಟ್ಟಿಗೆ ಅಚ್ಚು ಹಾಕಿಸಿದ್ರೆ ಸಲೀಸು."

"ಆ ರಟ್ಟು ತೆಗೆದ್ರಾ?"

"ತೆಗೆದ್ರೆ ಕೆಲಸ ಸಾಗ್ಬೇಕಲ್ಲ?"

ಗಂಡ ಆಗಲೇ ಎಡಗೈ ಹೆಬ್ಬೆರಳನ್ನು ಇಂಕಿಗೆ ಒತ್ತಿದ್ದ. "ಒತ್ತಿಬಿಡ್ತೀನಿ ಬಿಡೇ. ನನ್ನ ಕೈಲಿ ಇನ್ನೇನಾಗುತ್ತೆ?" ಎಂದ. ಅವಳು ಕಾಗದವನ್ನು ಅವನ ಕೈಗೆ ಸಿಗದಂತೆ ಹಿಂದಕ್ಕೆ ಹಿಡಿದಳು.

"ಏನೇ ಇದು ನಿನ್ನ ತಕರಾರು!" ಎಂದು ಅತ್ತೆ ಸಿಡುಕುತ್ತಾ ಎದ್ದು ಪೆಟ್ಟಿಗೆ ತೆರೆದಳು. ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಕಾಗದವೊಂದನ್ನು ತಂದಳು. ಓದು ಬಾರದ ಆಕೆ ಇಷ್ಟು ವರ್ಷ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. "ಜಾಗ ಯಾವತ್ತೂ ನಮ್ಮನೆದೇ ಅಂತ ಆಗಿನ ಯಜಮಾನ್ರು ಹೆಬ್ಬೆಟ್ಟು ಒತ್ತಿಸ್ಕೊಂಡು ನಮಗೂ ಒಂದು ಪ್ರತಿ ಕೊಟ್ಟಿದ್ದು. ಓದು, ಗೊತ್ತಾಗುತ್ತೆ."

ಸೊಸೆ ಬಿಡಿಸಿ, ಅದನ್ನು ಹೊಸ ಕಾಗದದ ಪಕ್ಕಕ್ಕೆ ಹಿಡಿದು ನೋಡಿದಳು.

"ಓದೇ!"

"'ನನ್ನದೇ ಅಜಾಗರೂಕತೆಯಿಂದ ನನ್ನ ಹೆಬ್ಬೆರಳು ಕಳೆದುಕೊಂಡಿರುತ್ತೇನೆ...' ಎರಡೂ ಒಂದೇ ಅತ್ತೆ. ಜಾಗದ ಮಾತೇ ಇಲ್ಲ."

ಮುದುಕಿ ಪೆಟ್ಟಿಗೆಯ ಪಕ್ಕ ಕೂತಳು.

"ಸಾಯೋವರೆಗೂ ನಿನ್ನ ಮಾವ ಹೇಳ್ತಿದ್ರು ಕಣೇ, ರಟ್ಟು ತುರುಕಿದ್ರು ಅಂತ," ಎಂದಳು. "ನಾನೇ ನಂಬ್ಲಿಲ್ಲ. ಯಜಮಾನ್ರ ಮೇಲೆ ಯಾಕೆ ಹಾಕ್ತೀರಿ, ನಿಮ್ಮ ಗಮನ ಎಲ್ಲಿತ್ತು ಅಂತ ಉಣ್ಣೋಕೆ ಬಡಿಸ್ತಾ ಬಡಿಸ್ತಾ ಬೈತಿದ್ದೆ."

ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡ. "ಹೊತ್ತಾಯ್ತು. ಬೇಗ ಒತ್ತಿಸಿ."

ಮುದುಕಿ ಎದ್ದಳು. ಕಾಗದ ಸುತ್ತಿಟ್ಟಿದ್ದ ಬಟ್ಟೆಯಿಂದಲೇ ಮಗನ ಹೆಬ್ಬೆರಳನ್ನು ಹಿಡಿದು ಇಂಕು ಒರೆಸತೊಡಗಿದಳು. ಅದು ಸುಲಭಕ್ಕೆ ಹೋಗುವ ಬಣ್ಣವಲ್ಲ. ಎಂಜಲು ಹಚ್ಚಿ ಹಚ್ಚಿ ಉಜ್ಜಿದಳು.

"ಆ ಜಾಗ ನಿಮ್ಮ ಯಜಮಾನ್ರಿಗೇ ಇರ್ಲಿ. ಅವರೇ ಕೂತು ಕತ್ತರಿಸ್ಕೊಳ್ಲಿ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನಾಳೆ ಲೇಬರ್ ಆಫೀಸಿಗೆ ಹೋಗೋಣ. ಎರಡೂ ಕಾಗದ ಭದ್ರವಾಗಿ ಇಟ್ಕೋ. ಮೊದಲು ನಮ್ಮನೆಯವರದ್ದು ಕೊಡು, ಆಮೇಲೆ ಇವನದು," ಎಂದಳು.